ಅಪ್ಪನ ಬಲಗೈ

ಅಪ್ಪನಿಗೆ ಲಕ್ವಾ ಹೊಡೆದ ಮೇಲೆ ಅವ್ವ ಯಾವಾಗಲೂ ಅವನ ಬಲಕ್ಕೇ ಕೂಡುತ್ತಿದ್ದಳು. ಊಟ ಮಾಡಿಸುವಾಗ, ಗುಳಿಗೆ ಕೊಡುವಾಗ, ಸುಮ್ಮನೆ ಟಿ.ವಿ. ನೋಡುವಾಗಲೂ ಕುರ್ಚಿ ಎಳೆದುಕೊಂಡು ಆ ಕಡೆಗೇ ಹೋಗುತ್ತಿದ್ದಳು. ಮನೆಗೆ ಬರುತ್ತಿದ್ದ ಫಿಜಿಯೋಥೆರಪಿ ಹುಡುಗಿ ಇದನ್ನು ಕಂಡು ಬಹಳ ಮೆಚ್ಚಿಕೊಂಡಳು. ಶಕ್ತಿ ಹೋದ ಬದಿಯನ್ನು ಪೇಶಂಟ್ ಮರೆತೇಬಿಡುತ್ತಾರೆ, ಆ ಕಡೆಯಿಂದ ಮಾತಾಡಿಸುತ್ತಿದ್ದರೆ ಮೆದುಳಿಗೆ ಅದರ ನೆನಪು ಉಳಿಯುತ್ತದೆ, ನಾವು ಎಷ್ಟು ಬಡಿದುಕೊಂಡರೂ ಮನೆಯವರು ಇದನ್ನು ಮಾಡುವುದಿಲ್ಲ, ನಿಮ್ಮ ಆಯಿಗೆ ಯಾರು ಹೇಳಿಕೊಟ್ಟರು ಎಂದು ನನ್ನನ್ನು ಕೇಳಿದಳು.

ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಹೊಡೆಯುತ್ತಿದ್ದದ್ದು ಬಲಗೈಯಿಂದ, ಮತ್ತು ಆ ಕೈ ಈಗ ಏಳುತ್ತಿರಲಿಲ್ಲ. ಎಡಗೈಯಲ್ಲಿ ಮಾತ್ರ ಮೊದಲಿನ ಶಕ್ತಿ ಹಾಗೇ ಇತ್ತು. ಎಡಕ್ಕೆ ಹೋದವರನ್ನು ಅದು ಚಿವುಟುತ್ತಿತ್ತು, ಅನ್ನದ ತಾಟನ್ನು ಎದೆಗೆ ಬಡಿಯುವಂತೆ ತಳ್ಳುತ್ತಿತ್ತು. ಆದರೆ ಅಪ್ಪನಿಗೆ ಕೂತಲ್ಲಿ ಮೈ ಹೊರಳಿಸಲು ಆಗುತ್ತಿರಲಿಲ್ಲವಾದ್ದರಿಂದ ಬಲಕ್ಕೆ ಕೂತವರತನಕ ಅದು ಬರುತ್ತಿರಲಿಲ್ಲ. ಮದುವೆಯಾದಾಗಿನಿಂದ ಅವ್ವನಿಗೆ ಅವನ ಹತ್ತಿರ ಸಿಕ್ಕ ಮೊದಲ ಸುರಕ್ಷಿತ ಜಾಗ ಅದು. ಇನ್ನೊಂದು ಅನುಕೂಲವೂ ಇತ್ತು. ಅವಳ ಎಡಗಿವಿ ಕೇಳುತ್ತಿರಲಿಲ್ಲ. ಅದೂ ಅಪ್ಪನ ಬಲಗೈಯದೇ ಕೆಲಸ. ಬಲಕ್ಕೆ ಕೂತರೆ ಅವನ ಕಡೆಗಿರುವುದು ಆ ಕಿವುಡು ಕಿವಿ.

ಅಪ್ಪ ಖಾನಾಪುರದಲ್ಲಿ ಸರ್ವೇಯರ್ ಆಗಿದ್ದ. ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಅವನು ನಿಂತು ಹಾಕಿಸಿದ ಗಡಿಕಲ್ಲುಗಳಿವೆ. ಇವತ್ತಿಗೂ ನಾನು ಖಾನಾಪುರ ಸ್ಟ್ಯಾಂಡಿನಲ್ಲಿ ಇಳಿದರೆ ಯಾರಾದರೂ ಒಬ್ಬರು ಅವನ ಮಗಳೆಂದು ಗುರುತು ಹಿಡಿದು, ನಿಮ್ಮ ತಂದೆ ದೇವರಂಥವರು, ಒಂದು ಗೇಣು ಆಚೆ ಹೋಗಲಿಲ್ಲ, ಒಂದು ಗೇಣು ಈಚೆ ಬರಲಿಲ್ಲ ಎನ್ನುತ್ತಾರೆ. ಅಣ್ಣತಮ್ಮಂದಿರು ಹೊಲಕ್ಕಾಗಿ ಕುಡಗೋಲು ಎತ್ತಿದಾಗ ನಡುವೆ ಹೋಗಿ ನಿಂತು ಮೆಲ್ಲಗೆ ಮಾತಾಡಿ ಇಬ್ಬರನ್ನೂ ಕೂಡಿಸುತ್ತಿದ್ದನಂತೆ. ಕನ್ನಡದವರ ಹತ್ತಿರ ಕನ್ನಡ, ಮರಾಠಿಯವರ ಹತ್ತಿರ ಮರಾಠಿ, ಎರಡರಲ್ಲೂ ಒಂದು ಒರಟು ಮಾತಿಲ್ಲ. ಇದೆಲ್ಲ ಖರೇ. ಮನೆಯಲ್ಲೂ ಅವನು ಕೂಗಾಡಿದ್ದನ್ನು ನಾನು ಕೇಳಿಲ್ಲ. ಹೊಡೆಯುವ ಮುಂಚೆ ಕಿಟಕಿ ಹಾಕುತ್ತಿದ್ದ, ಕೈಗಡಿಯಾರ ಬಿಚ್ಚಿ ಕಪಾಟಿನ ಮೇಲೆ ಇಡುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಕರೆದಾಗ ತಡವಾಗಿ ಓಗೊಟ್ಟಳೆಂದು, ಹಾಲಿನವನ ಮಾತಿಗೆ ನಕ್ಕಳೆಂದು. ಹೊಡೆದ ಮೇಲೆ ಕಿಟಕಿ ತೆರೆದು ಊಟಕ್ಕೆ ಕೂಡುತ್ತಿದ್ದ. ನಾನು ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವವರಿಗೆ ಏನೇನೋ ಹೇಳಿದ್ದೇನೆ. ಕಾರಣ ಆ ಕಿಟಕಿ ಹಾಕುವ ಸಪ್ಪಳ.

ಬೆಳಗಾವಿಯಲ್ಲಿ ನನಗೆ ವಿಮಾ ಆಫೀಸಿನಲ್ಲಿ ಕೆಲಸ. ರಾಮತೀರ್ಥ ನಗರದಲ್ಲಿ ಒಂದು ಬಾಡಿಗೆ ಮನೆ. ಅಪ್ಪ ಸ್ನಾನದ ಮನೆಯಲ್ಲಿ ಬಿದ್ದನೆಂದು ಖಾನಾಪುರದಿಂದ ಫೋನ್ ಬಂದಾಗ ಅವನನ್ನು ಬೆಳಗಾವಿಯ ಆಸ್ಪತ್ರೆಗೇ ತರಿಸಿದೆ. ಜೀವ ಉಳಿಯಿತು. ಬಲಗಾಲು ಎಳೆದು ಎಳೆದು ನಡೆಯುವಷ್ಟು ಬಂತು. ಬಲಗೈ ಬರಲಿಲ್ಲ, ಮಾತೂ ಬರಲಿಲ್ಲ. ಹೇಳಬೇಕಾದದ್ದೆಲ್ಲ ಹೋಗಿ ಒಂದೇ ಒಂದು ಶಬ್ದ ಉಳಿದುಕೊಂಡಿತ್ತು: ಹಲ್ಕಟ್. ನೀರು ಬೇಕಾದರೂ ಹಲ್ಕಟ್, ನೋವಾದರೂ ಹಲ್ಕಟ್. ಡಾಕ್ಟರು ಇದು ಅಪರೂಪವಲ್ಲ ಎಂದರು. ಮಾತು ಹೋದಾಗ ಕೆಲವರಿಗೆ ದೇವರ ಹೆಸರು ಉಳಿಯುತ್ತದೆ, ಕೆಲವರಿಗೆ ಬೈಗಳು. ಆಯುಷ್ಯವಿಡೀ ಬಾಯಿಗೆ ಹೆಚ್ಚು ರೂಢಿಯಾದದ್ದು ಉಳಿಯುತ್ತದೆ ಎಂದು ತಿಳಿದುಕೊಳ್ಳಿ ಎಂದರು. ಅಪ್ಪನನ್ನು ನೋಡಲು ಬಂದಿದ್ದ ಅವನ ಆಫೀಸಿನ ಹಳೆಯ ಗೆಳೆಯರಿಗೆ ಆ ಶಬ್ದ ಕೇಳಿ ದಿಗಿಲಾಯಿತು, ಇಂಥ ಮನುಷ್ಯನ ಬಾಯಲ್ಲಿ ಇಂಥ ಮಾತೆಲ್ಲಿಂದ ಬಂತು ಎಂದರು. ಅವ್ವನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇಬ್ಬರನ್ನೂ ನನ್ನ ಮನೆಗೆ ಕರೆತಂದೆ. ಆ ತಿಂಗಳುಗಳಲ್ಲಿ ಅವ್ವ ಮೈ ಕೈ ತುಂಬಿಕೊಂಡಳು. ಅಪ್ಪನ ಮುಂದೆ ಕುರ್ಚಿಯ ಮೇಲೆ ಕೂತು ಚಾ ಕುಡಿಯುವುದನ್ನು ಕಲಿತಳು. ಓಣಿಯ ಹೆಂಗಸರ ಜೊತೆ ಸಂಜೆ ಕೋಟೆಯ ಕಡೆ ತಿರುಗಾಡಲು ಹೋಗಿ, ಬಂದು, ಯಾರು ಏನೆಂದರು ಎಂದು ಗಟ್ಟಿಯಾಗಿ ಹೇಳಿ ನಗುತ್ತಿದ್ದಳು. ಜೊತೆಗೇ ಅವಳಲ್ಲಿ ಇನ್ನೂ ಒಂದು ಶುರುವಾಯಿತು. ತುತ್ತು ಕಲಿಸಿ ಅಪ್ಪನ ಬಾಯಿಯ ಹತ್ತಿರ ಒಯ್ದು, ಇನ್ನೇನು ಸಿಗಬೇಕು ಅನ್ನುವಾಗ ಕೈ ನಿಲ್ಲಿಸಿ ಟಿ.ವಿ. ನೋಡುತ್ತಿದ್ದಳು. ಅಪ್ಪ ಕುತ್ತಿಗೆ ಚಾಚುತ್ತಿದ್ದ. ಬಾಯಿ ತೆರೆದೇ ಇರುತ್ತಿತ್ತು. ಟಿ.ವಿ.ಯಲ್ಲಿ ಜಾಹೀರಾತು ಬಂದ ಮೇಲೆ ತುತ್ತು ಒಳಗೆ ಹೋಗುತ್ತಿತ್ತು. ಅವಳು ಮೈಮರೆತು ಹಾಗೆ ಮಾಡುತ್ತಾಳೆಂದು ನಾನು ಮೊದಮೊದಲು ಅಂದುಕೊಂಡೆ.

ಅಪ್ಪನ ಬಲಗೈ ಬರಬರುತ್ತ ಮುಷ್ಟಿಯಾಗಿ ಬಿಗಿದುಕೊಂಡಿತು. ಉಗುರು ಅಂಗೈಯೊಳಗೆ ನಾಟಿ ಒಳಗಿನಿಂದ ವಾಸನೆ ಬರುತ್ತಿತ್ತು. ಅದನ್ನು ಬಿಡಿಸಿ ತೊಳೆಯುವುದಕ್ಕೆ ಇಬ್ಬರು ಬೇಕಾಗುತ್ತಿತ್ತು. ಆ ಕೈಯಲ್ಲಿ ಬಲ ಇರಲಿಲ್ಲವೇ ಹೊರತು ಅರಿವು ಇತ್ತು. ಸೂಜಿ ಚುಚ್ಚಿದರೆ, ಬಿಸಿ ತಗಲಿದರೆ ಗೊತ್ತಾಗುತ್ತಿತ್ತು. ಮುಂದೆ ಭುಜವೂ ಸ್ವಲ್ಪ ಸ್ವಲ್ಪ ಏಳತೊಡಗಿದಾಗ ಫಿಜಿಯೋ ಹುಡುಗಿ ಆ ಯಂತ್ರದ ಸುದ್ದಿ ತೆಗೆದಳು. ಅವಳು ಕೆಲಸ ಮಾಡುವ ಸೆಂಟರಿಗೆ ರೋಬೋಟಿಕ್ ಗ್ಲೌಸ್ ಬಂದಿವೆ, ಕೆಲವು ಪೇಶಂಟರಿಗೆ ಕೆಲವು ತಿಂಗಳು ಮನೆಗೇ ಕೊಟ್ಟು ನೋಡುತ್ತಿದ್ದಾರೆ, ಸರ್ ಅವರ ಹೆಸರು ಹಾಕಿಸಲೇ ಎಂದಳು. ನಾನು ಕೂಡಲೇ ಹ್ಞೂಂ ಎಂದೆ. ಅಪ್ಪ ತನ್ನ ಕೈಯಿಂದ ತಾನೇ ಉಂಡರೆ ಅವ್ವನಿಗೆ ಅವನ ಚಾಕರಿಯಿಂದ ಬಿಡುಗಡೆ ಎಂಬ ಒಂದೇ ವಿಚಾರ ನನ್ನ ತಲೆಯಲ್ಲಿತ್ತು. ಅವ್ವನನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ.

ಯಂತ್ರ ಎಂದರೆ ಒಂದು ಸಣ್ಣ ಡಬ್ಬಿ, ಎರಡು ಗ್ಲೌಸು. ಗ್ಲೌಸಿಗೆ ಅವ್ವ ಕೈಚೀಲ ಎನ್ನುತ್ತಿದ್ದಳು. ಬಲಗೈಗೆ ಹಾಕುವುದರ ಬೆನ್ನ ಮೇಲೆ ಬೆರಳಿಗೊಂದರಂತೆ ರಬ್ಬರಿನ ಕೊಳವೆ, ಅಂಗೈ ಕಡೆ ಬರಿದು. ಡಬ್ಬಿ ಆ ಕೊಳವೆಗಳಿಗೆ ಗಾಳಿ ತುಂಬಿದರೆ ಬೆರಳು ಮಡಚುತ್ತವೆ, ಎಳೆದುಕೊಂಡರೆ ಬಿಚ್ಚುತ್ತವೆ. ಎಡಗೈಯದು ತೆಳ್ಳಗೆ, ಅದರೊಳಗೆ ವೈರುಗಳಷ್ಟೇ. ಎಡಗೈ ಮುಷ್ಟಿ ಮಾಡಿದರೆ ಬಲಗೈಯೂ ಮುಷ್ಟಿ ಮಾಡುತ್ತದೆ, ಎಡಗೈ ಬಿಚ್ಚಿದರೆ ಬಲಗೈಯೂ ಬಿಚ್ಚುತ್ತದೆ. ಚೆನ್ನಾಗಿರುವ ಕೈ ಕೆಟ್ಟ ಕೈಗೆ ಪಾಠ ಹೇಳಿದಂತೆ ಎಂದು ಹುಡುಗಿ ವಿವರಿಸಿದಳು. ಮೊದಲ ದಿನ ಅಪ್ಪ ಎಡಗೈ ಬಿಚ್ಚಿದಾಗ ಚೀ ಎಂದು ಗಾಳಿಯ ಸಪ್ಪಳವಾಗಿ, ಅಷ್ಟು ದಿನ ನಾವಿಬ್ಬರೂ ಸೇರಿ ಬಿಡಿಸಲು ಆಗದ ಆ ಮುಷ್ಟಿ ಹೂವಿನಂತೆ ಅರಳಿತು. ಅಪ್ಪ ಅಳತೊಡಗಿದ. ಹುಡುಗಿಯ ಕಣ್ಣಲ್ಲೂ ನೀರು ಬಂತು, ನನ್ನ ಕಣ್ಣಲ್ಲೂ ಬಂತು. ಅವ್ವ ಆ ಬಿಚ್ಚಿದ ಅಂಗೈಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು.

ಅಪ್ಪ ಬೇಗ ಕಲಿತ. ಸ್ಪಂಜಿನ ಚೆಂಡು ಹಿಡಿದ, ಬಾಚಣಿಗೆ ಹಿಡಿದ, ಸ್ಟೀಲಿನ ಲೋಟ ಹಿಡಿದು ಬಾಯಿಯವರೆಗೆ ಒಯ್ದ. ಖಾನಾಪುರದಿಂದ ಜನ ಬಂದು ನೋಡಿ ಹೋದರು. ಎಲ್ಲರೆದುರು ಅವನು ಲೋಟ ಎತ್ತಿ ತೋರಿಸುತ್ತಿದ್ದ, ಅವರು ಕೈ ಮುಗಿಯುತ್ತಿದ್ದರು. ಅವ್ವ ಮೊದಲಿನಂತೆ ಬಲಕ್ಕೇ ಕೂಡುತ್ತಿದ್ದಳು, ಆದರೆ ಈಗ ಕುರ್ಚಿಯನ್ನು ತುಸು ದೂರ ಹಾಕಿಕೊಳ್ಳುತ್ತಿದ್ದಳು.

ಒಂದು ರವಿವಾರ ಮುಂಜಾನೆ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬಂದೆ. ಟಿ.ವಿ.ಯಲ್ಲಿ ಪೂಜೆಯ ಕಾರ್ಯಕ್ರಮ ನಡೆದಿತ್ತು. ಅಪ್ಪ ಅದನ್ನು ನೋಡುತ್ತ ನೆಟ್ಟಗೆ ಕೂತಿದ್ದ. ಅವ್ವನ ತಲೆ ಅವನ ಕುರ್ಚಿಯ ತೋಳಿನ ಮೇಲಿತ್ತು. ನೆಲದ ಮೇಲೆ ಚೆಲ್ಲಿದ ಉಪ್ಪಿಟ್ಟನ್ನು ಬಳಿಯಲು ಬಗ್ಗಿದಾಗ ಅವನು ಅವಳ ಜಡೆಯನ್ನು ಗ್ಲೌಸಿನ ಕೈಯಲ್ಲಿ ಹಿಡಿದಿದ್ದ. ಅವನ ಎಡಗೈ ತೊಡೆಯ ಮೇಲೆ ಬಿಗಿಯಾಗಿ ಮುಷ್ಟಿ ಕಟ್ಟಿಕೊಂಡಿತ್ತು. ಡಬ್ಬಿ ಚೀ, ಚೀ ಎಂದು ಗಾಳಿ ತುಂಬುತ್ತಲೇ ಇತ್ತು. ಅವ್ವ ಕೂಗಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗಿದ್ದಳೋ, ಅವಳ ಕೆನ್ನೆಯ ಮೇಲೆ ಕುರ್ಚಿಯ ತೋಳಿನ ಗೆರೆ ಮೂಡಿತ್ತು.

ನಾನು ಓಡಿ ಹೋಗಿ ಡಬ್ಬಿಯ ಬಟನ್ ಒತ್ತಿ ಆರಿಸಿದೆ. ಗಾಳಿ ಇಳಿಯಿತು, ಆದರೆ ಕೈ ಬಿಡಲಿಲ್ಲ. ಯಂತ್ರವಿಲ್ಲದಿದ್ದರೆ ಆ ಕೈ ತಾನಾಗಿಯೇ ಮುಷ್ಟಿಯಾಗುವ ಕೈ. ಜಡೆ ಈಗ ಅದರೊಳಗೆ ಇನ್ನೂ ಬಿಗಿಯಾಗಿ ಸಿಕ್ಕಿಕೊಂಡಿತು. ಮತ್ತೆ ಬಟನ್ ಹಾಕಿದೆ. ಆಮೇಲೆ ಅಪ್ಪನ ಎಡಕ್ಕೆ ಹೋಗಿ, ಮಂಡಿಯೂರಿ ಕೂತು, ಅವನ ಎಡಗೈಯ ಒಂದೊಂದೇ ಬೆರಳನ್ನು ಬಲವಂತವಾಗಿ ಬಿಡಿಸಿದೆ. ಅವನು ಬಿಡಲೊಲ್ಲ. ನಾನು ಹೆಬ್ಬೆರಳನ್ನು ಹಿಂದಕ್ಕೆ ಮಣಿಸಿದೆ. ಆಗ ಆ ಕಡೆ ಬಲಗೈ ಮೆಲ್ಲಗೆ ಬಿಚ್ಚಿಕೊಂಡಿತು, ಅವ್ವ ತಲೆ ಎತ್ತಿದಳು. ಅಪ್ಪ ನನ್ನ ಮುಖ ನೋಡಿ, ತುಂಬ ಸಮಾಧಾನದ ದನಿಯಲ್ಲಿ, ಹಲ್ಕಟ್ ಎಂದ.

ಅವ್ವ ಅಡುಗೆಮನೆಗೆ ಹೋಗಿ ನೀರು ಕುಡಿದಳು. ನಾನು ಹಿಂದೆ ಹೋಗಿ ನಿಂತೆ. ಅವಳು ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡುತ್ತ ಹೇಳಿದಳು: “ಹೊಸಾದೇನೈತಿ ಇದ್ರಾಗ? ಮೊದಲ ಆ ಕೈಗೆ ಸಪ್ಪಳ ಇರ್ತಿರಲಿಲ್ಲ, ಈಗ ಸಪ್ಪಳ ಐತಿ. ಅಷ್ಟ.”

ಮರುದಿನ ಫಿಜಿಯೋ ಹುಡುಗಿಗೆ ನಡೆದದ್ದನ್ನು ಹೇಳಿ ಯಂತ್ರವನ್ನು ವಾಪಸ್ ಒಯ್ಯಿರಿ ಎಂದೆ. ಅವಳಿಗೆ ಬೇಸರವಾಯಿತು, ನನ್ನ ಮೇಲೆ. “ಮೇಡಂ, ಅವರು ಬ್ರೇನ್ ಪೇಶಂಟ್ ಅದಾರ್ರೀ. ಬೇಕಂತ ಮಾಡಿರಂಗಿಲ್ಲ,” ಎಂದಳು. “ಆದ್ರ ಜಡಿ ಹಿಡಿಯೂ ಅಷ್ಟು ಗ್ರಿಪ್ ಬಂದೈತಿ ಅಂದ್ರ ಛಲೋನ ಆತಲ್ರೀ.” ಅವಳ ತಪ್ಪಲ್ಲ. ಅವಳು ಕಂಡದ್ದು ತಲೆ ಬಗ್ಗಿಸಿ ನಮಸ್ಕಾರ ಮಾಡುವ, ಪ್ರತಿ ಸಲ ಕಣ್ಣೀರು ಹಾಕುವ ಒಬ್ಬ ಮುದುಕನನ್ನು. ನಾನು ಮತ್ತೆ ಹೇಳಲು ಹೋದಾಗ ಅವ್ವ ನಡುವೆ ಬಾಯಿ ಹಾಕಿದಳು. ಇರಲಿ, ಅವರ ಕೈ ಸುಧಾರಿಸುತ್ತಿದೆ, ಇನ್ನು ಮೇಲೆ ನಾನೇ ಹಾಕಿ ಮಾಡಿಸುತ್ತೇನೆ, ಹೇಗೆಂದು ನನಗೆ ತೋರಿಸಿ ಹೋಗು ಎಂದಳು. ಹುಡುಗಿ ಖುಷಿಯಿಂದ ಎಲ್ಲ ತೋರಿಸಿದಳು. ಹೊರಡುವಾಗ, ಪೇಶಂಟಿಗೆ ದಣಿವಾದರೆ ಎಡಗೈಯ ಗ್ಲೌಸನ್ನು ಮನೆಯವರು ಯಾರಾದರೂ ಹಾಕಿಕೊಂಡು ಮಾಡಿಸಬಹುದು, ಅದಕ್ಕೆ ಯಾರ ಕೈಯಾದರೂ ನಡೆಯುತ್ತದೆ ಎಂದೂ ಹೇಳಿದಳು.

ಆವತ್ತಿನಿಂದ ಎಡಗೈಯ ಗ್ಲೌಸನ್ನು ಅಪ್ಪ ಮತ್ತೆ ಹಾಕಿಕೊಳ್ಳಲಿಲ್ಲ. ಅವ್ವ ಹಾಕಿಕೊಂಡಳು.

ಮಧ್ಯಾಹ್ನ ನಾನು ಆಫೀಸಿನಲ್ಲಿರುವಾಗ ಅವರಿಬ್ಬರೇ ಇರುತ್ತಿದ್ದರು. ಏನು ನಡೆಯುತ್ತಿತ್ತೆಂದು ನನಗೆ ಗೊತ್ತಾದದ್ದು ಆಮೇಲೆ, ತಲೆನೋವೆಂದು ಒಂದು ದಿನ ಬೇಗ ಮನೆಗೆ ಬಂದಾಗ. ಬಾಗಿಲು ಬರೀ ಮುಂದಕ್ಕೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಅವ್ವ ಅಪ್ಪನ ಬಲಕ್ಕೆ, ಈಗ ಬಹಳ ಹತ್ತಿರ, ಕೂತಿದ್ದಳು. ಅವನ ಬಲಗೈಯನ್ನು ಪಕ್ಕದ ಸ್ಟೂಲಿನ ಮೇಲೆ ಚಾಚಿಸಿಟ್ಟಿದ್ದಳು. ಅಷ್ಟು ದೂರಕ್ಕೆ ಅವನ ಎಡಗೈ ಬರುವುದಿಲ್ಲ. ಗ್ಲೌಸು ತೊಟ್ಟ ಆ ಬಲಗೈಯೊಳಗೆ ಸ್ಟೀಲಿನ ಲೋಟದಲ್ಲಿ ಆಗತಾನೆ ಸೋಸಿದ ಚಾ, ಇನ್ನೂ ಹೊಗೆಯಾಡುತ್ತಿತ್ತು. ಅವ್ವನ ಎಡಗೈ ಅವಳ ಮಡಿಲಲ್ಲಿ ಮುಷ್ಟಿಯಾಗಿತ್ತು. ಬಲಗೈಯಿಂದ ಅವಳು ತನ್ನ ಬಸಿಗೆ ಚಾ ಸುರಿದು, ಊದಿ ಊದಿ ಕುಡಿಯುತ್ತಿದ್ದಳು. ಕುಡಿಯುತ್ತ ಅಪ್ಪನಿಗೆ ಏನೋ ಹೇಳುತ್ತಿದ್ದಳು. ತರಕಾರಿಯವನು ಮೆಂತ್ಯದ ಸೂಡಿಯಲ್ಲಿ ಮಣ್ಣು ತುಂಬಿ ತರುತ್ತಾನೆ, ಅಂಥದ್ದೇನೋ. ಅಪ್ಪ ಭುಜ ಎತ್ತುವುದಕ್ಕೆ ನೋಡುತ್ತಿದ್ದ. ಎತ್ತಿದರೆ ಚಾ ಮೈಮೇಲೆ ಚೆಲ್ಲುತ್ತದೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿಯಿಂದ ಆ ಒಂದೇ ಶಬ್ದ ಮತ್ತೆ ಮತ್ತೆ ಬರುತ್ತಿತ್ತು. ಅದು ಬೈಗಳಿನಂತೆ ಕೇಳಿಸುತ್ತಿರಲಿಲ್ಲ.

ನಾನು ಬಾಗಿಲಲ್ಲೇ ನಿಂತು, “ಯವ್ವಾ, ಕೈ ಬಿಡಸು, ಸುಡಾಕತ್ತೈತಿ,” ಎಂದೆ.

ಅವಳು ಬೆಚ್ಚಲಿಲ್ಲ. “ಸುಡತೈತೇನು? ಬಾಯಿ ಬಿಟ್ಟು ಹೇಳಲಿ. ಬಿಡಸ್ತೀನಿ.”

ಬಸಿಯಲ್ಲಿದ್ದದ್ದನ್ನು ಕುಡಿದು ಮುಗಿಸಿದಳು. ಆಮೇಲೆ ಎಡಗೈ ಬಿಚ್ಚಿದಳು. ಅಪ್ಪನ ಬೆರಳು ಬಿಚ್ಚಿಕೊಂಡವು. ಲೋಟ ಕೆಳಗೆ ಬೀಳುವ ಮುಂಚೆ ಇನ್ನೊಂದು ಕೈಯಿಂದ ಹಿಡಿದು, ಆರಿಸಿ, ಅವನಿಗೆ ಕುಡಿಸಿದಳು. ಸೆರಗಿನಿಂದ ಬಾಯಿ ಒರೆಸಿದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಹಾಸಿಗೆಯ ಮೇಲೆ ಬಿದ್ದುಕೊಂಡೆ. ಅವಳನ್ನು ತಡೆಯಬೇಕೆಂದು ಅನಿಸಿತು. ಅದಕ್ಕಿಂತ ಸ್ಪಷ್ಟವಾಗಿ ಅನಿಸಿದ್ದು, ತಡೆದರೆ ಆ ಇನ್ನೊಂದು ಗ್ಲೌಸು ಮತ್ತೆ ಅಪ್ಪನ ಕೈಗೆ ಹೋಗುತ್ತದೆ ಎಂದು. ಯಂತ್ರವನ್ನೇ ಕಳಿಸಿಬಿಡೋಣ ಎಂದು ಸಂಜೆ ಅವಳಿಗೆ ಹೇಳಿದೆ. ಅವಳು ನನ್ನ ಕಡೆ ಕೇಳುವ ಕಿವಿಯನ್ನು ತಿರುಗಿಸಿ ಪೂರ್ತಿ ಕೇಳಿಸಿಕೊಂಡಳು. ಆದರೆ ಅವರು ಕೊಟ್ಟ ಅವಧಿ ಮುಗಿಯುವವರೆಗೆ ಇರಲಿ ಎಂದಳು.

ಅಪ್ಪನ ಅಂಗೈಯಲ್ಲಿ ಕೆಂಪು ಕಲೆ ಬಿದ್ದಿತ್ತು. ಫಿಜಿಯೋ ಹುಡುಗಿ ಅದನ್ನು ನೋಡಿ ಕೇಳಿದಾಗ, ತಾವೇ ಚಾದ ಲೋಟ ಹಿಡಿದಿದ್ದರು ಎಂದಳು ಅವ್ವ. ಹುಡುಗಿ, ಬಿಸಿ ಕೊಡಬೇಡಿ ಆಯಿ ಎಂದು ಗದರಿದಂತೆ ಮಾಡಿ, ತಾವೇ ಹಿಡಿದರಾ ಎಂದು ಅಪ್ಪನ ಬೆನ್ನು ತಟ್ಟಿದಳು. ಅದೇ ವಾರ ಅಪ್ಪನ ಆಫೀಸಿನ ಹಳೆಯ ಗೆಳೆಯರೊಬ್ಬರು ಖಾನಾಪುರದಿಂದ ಬಂದರು. ಅವ್ವ ತಾನು ಗ್ಲೌಸು ತೊಟ್ಟು ಗಂಡನ ಬೆರಳು ಮಡಚಿಸಿ ಬಿಚ್ಚಿಸುವುದನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನ ಮೊಣಕಾಲು ಮುಟ್ಟಿ, “ಇಂಥಾ ಹೆಂಡ್ತಿ ಸಿಗಾಕ ಏಳೇಳು ಜನ್ಮದ ಪುಣ್ಯಾ ಬೇಕ್ರಿ ಸಾಹೇಬ್ರ,” ಎಂದರು. ಅಪ್ಪ ಅವರ ಅಂಗಿಯ ತುದಿಯನ್ನು ಎಡಗೈಯಲ್ಲಿ ಹಿಡಿದುಕೊಂಡ. ಬಿಡಲೇ ಇಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವರು ಆ ಬೆರಳುಗಳನ್ನು ಪ್ರೀತಿಯಿಂದ ಬಿಡಿಸಿ, ಅವುಗಳನ್ನು ಕಣ್ಣಿಗೊತ್ತಿಕೊಂಡು ಹೋದರು.

ಅವಧಿ ಮುಗಿದ ದಿನ ಕೈಯ ಪರೀಕ್ಷೆಯಾಯಿತು. ಹುಡುಗಿ ಎಡಗೈಯ ಗ್ಲೌಸನ್ನು ಅಪ್ಪನಿಗೇ ಹಾಕಿ, ಸರ್, ಮುಷ್ಟಿ ಮಾಡಿರಿ ಎಂದಳು. ಅಪ್ಪ ಮಾಡಲಿಲ್ಲ. ಅವ್ವನ ಕಡೆ ನೋಡಿದ. ಅವಳು ಗೋಣು ಆಡಿಸಿದ ಮೇಲೆ ಮಾಡಿದ. ಬಿಚ್ಚಿರಿ ಎಂದಳು. ಮತ್ತೆ ಅವ್ವನ ಕಡೆ ನೋಡಿದ. ಅವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವನು ಮುಷ್ಟಿ ಕಟ್ಟಿಕೊಂಡೇ ಕೂತಿದ್ದ, ಡಬ್ಬಿ ಗಾಳಿ ತುಂಬುತ್ತಿತ್ತು. ಅವಳು ಗೋಣು ಆಡಿಸಿದಳು, ಅವನು ಬಿಚ್ಚಿದ. ಗಂಡ ಹೆಂಡತಿಯ ಹೊಂದಾಣಿಕೆ ಎಷ್ಟು ಛಲೋ ಇದೆ ನೋಡಿ ಎಂದು ನಗುತ್ತ ಹುಡುಗಿ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ, ಅವ್ವ ತನ್ನ ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಖಾನಾಪುರಕ್ಕೆ ಹೋಗುತ್ತೇನೆ, ನಂದಗಡದಿಂದ ತಂಗಿ ಬಂದು ಜೊತೆಗಿರುತ್ತಾಳೆ, ಮನೆ ಎಷ್ಟು ದಿನ ಕೀಲಿ ಹಾಕಿಡುವುದು ಎಂದಳು. ಅಪ್ಪನನ್ನು ಏನು ಮಾಡುವುದು ಎಂದು ಕೇಳಿದೆ. ಅವಳು ಅದು ತನಗೆ ಸಂಬಂಧಿಸಿದ ಪ್ರಶ್ನೆಯೇ ಅಲ್ಲ ಎಂಬಂತೆ, ಸೀರೆ ಮಡಚುವುದನ್ನು ಮುಂದುವರಿಸಿದಳು. ಅಪ್ಪ ಕೂತ ಕೋಣೆಯನ್ನು ದಾಟಿಯೇ ಹೊರಗೆ ಹೋಗಬೇಕು. ಅವಳು ದಾಟಿ ಹೋದಳು. ನಿಲ್ಲಲಿಲ್ಲ, ಅವಸರವನ್ನೂ ಮಾಡಲಿಲ್ಲ.

ಈಗ ಅಪ್ಪನನ್ನು ನೋಡಿಕೊಳ್ಳಲು ಅನಗೋಳದಿಂದ ಒಬ್ಬ ಹೆಂಗಸು ಬರುತ್ತಾಳೆ. ಅವನ ಕೈ ಮತ್ತೆ ಮೊದಲಿನಂತೆ ಬಿಗಿದುಕೊಂಡಿದೆ. ಒಳಗೆ ಬಟ್ಟೆಯ ಸುರುಳಿ ತುರುಕಿ ಇಡುತ್ತೇವೆ. ಅವನು ಯಾರನ್ನೂ ಚಿವುಟುವುದಿಲ್ಲ, ತಾಟು ತಳ್ಳುವುದಿಲ್ಲ. ಬಾಗಿಲು ಸಪ್ಪಳವಾದರೆ ಅತ್ತ ನೋಡುತ್ತಾನೆ, ಬಂದದ್ದು ಅವ್ವ ಅಲ್ಲವೆಂದು ಗೊತ್ತಾದ ಮೇಲೆ ಅಳುತ್ತಾನೆ. ಬರಲಿ ಎಂದು ಅಳುತ್ತಾನೋ, ಬರಲಿಲ್ಲವಲ್ಲ ಸದ್ಯ ಎಂದು ಅಳುತ್ತಾನೋ, ಹೇಳಲು ಅವನಿಗೆ ಶಬ್ದವಿಲ್ಲ. ನಾನು ಅವನನ್ನು ಕನಿಕರದಿಂದ ನೋಡುತ್ತೇನೆಯೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಆಫೀಸಿನಿಂದ ಬಂದಾಗ ನನಗೆ ದಣಿವಾಗಿರುತ್ತದೆ, ಅಷ್ಟು ಮಾತ್ರ ಖಾತ್ರಿ.

ಬಿಡುವಿದ್ದ ರವಿವಾರ ಖಾನಾಪುರಕ್ಕೆ ಹೋಗುತ್ತೇನೆ. ಅವ್ವ ಮತ್ತು ಚಿಕ್ಕವ್ವ ಪಡಸಾಲೆಯಲ್ಲಿ ಕೂತು ಹಲಸಿನ ಹಪ್ಪಳ ಲಟ್ಟಿಸುತ್ತಿರುತ್ತಾರೆ. ಅವ್ವ ನನ್ನ ಆಫೀಸಿನ ಬಗ್ಗೆ ಕೇಳುತ್ತಾಳೆ, ಓಣಿಯ ಗೆಳತಿಯರ ಬಗ್ಗೆ ಕೇಳುತ್ತಾಳೆ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳುತ್ತಾಳೆ. ಅಪ್ಪನ ಬಗ್ಗೆ ಕೇಳುವುದಿಲ್ಲ. ಹೋದ ಸಲ ನಾನೇ ಹೇಳಿದೆ, ಅವನು ದಿನಾಲು ಅಳುತ್ತಾನೆ ಎಂದು. ಚಿಕ್ಕವ್ವ ಲಟ್ಟಣಿಗೆ ನಿಲ್ಲಿಸಿ ಅವ್ವನ ಮುಖ ನೋಡಿದಳು. ಅವ್ವ ಇನ್ನೊಂದು ಉಂಡೆ ತೆಗೆದುಕೊಂಡು ಅಂಗೈಯಲ್ಲಿ ಚಪ್ಪಟೆ ಮಾಡುತ್ತ ಹೇಳಿದಳು: “ಒರಸು. ಒರಸಿದ್ರ ಹೋಗತೈತಿ.”

ಹೊರಡುವಾಗ ಒಣಗಿದ ಹಪ್ಪಳದ ಒಂದು ಕಟ್ಟನ್ನು ನನ್ನ ಚೀಲಕ್ಕೆ ಹಾಕಿದಳು, ಕರಿದರೆ ಬಹಳ ಎಣ್ಣೆ ಕುಡಿಯುತ್ತವೆ, ಸುಟ್ಟು ತಿನ್ನು ಎಂದಳು.